ಬಾಸೆಲ್‌ನಿಂದ ಬಲ್ಮಠಕ್ಕೆ: ಒಂದು ಕರೆಯ ಚರಿತ್ರೆ

ಕರ್ನಾಟಕದ ಕರಾವಳಿಯಲ್ಲಿ ಬಾಸೆಲ್ ಮಿಷನ್ ನಡೆಸಿದ ಕೆಲಸದ ಚರಿತ್ರೆಯನ್ನು ಮುದ್ರಣಾಲಯ, ಶಾಲೆ, ಹಂಚಿನ ಕಾರ್ಖಾನೆಗಳ ಮೂಲಕ ಹೇಳುವುದು ರೂಢಿಯಾಗಿದೆ. ಆದರೆ ಅವುಗಳನ್ನು ಕಟ್ಟಿದವರು ತಮ್ಮ ಬದುಕನ್ನು ಅರ್ಥಮಾಡಿಕೊಂಡದ್ದು ‘ಕರೆ’ಯ ಮೂಲಕ, ಅಂದರೆ ದೇವರು ಒಬ್ಬ ವ್ಯಕ್ತಿಯನ್ನು ಆರಿಸಿ ನಿರ್ದಿಷ್ಟ ಸೇವೆಗೆ ಕಳುಹಿಸುತ್ತಾನೆ ಎಂಬ ನಂಬಿಕೆಯ ಮೂಲಕ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಷನ್ ಸ್ಥಾಪನೆಯಾದಾಗ ಅದರ ಹಿಂದಿದ್ದದ್ದು ಪಯಟಿಸಂ ಎಂಬ ಭಕ್ತಿಪಂಥ; ಚರ್ಚಿನ ವಿಧಿಗಳಿಗಿಂತ ಅಂತರಂಗದ ಪರಿವರ್ತನೆ, ನಿತ್ಯದ ಬೈಬಲ್ ಓದು ಮತ್ತು ಶಿಸ್ತಿನ ನಡತೆಗಳಿಗೆ ಒತ್ತುಕೊಟ್ಟ ಈ ಪಂಥ ನೆರೆಯ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲಿ ಆಳವಾಗಿ ಬೇರೂರಿತ್ತು. ಮಿಷನ್ನಿನ ತರಬೇತಿ ಶಾಲೆಗೆ ಬಂದ ತರುಣರಲ್ಲಿ ಹೆಚ್ಚಿನವರು ಅಲ್ಲಿನ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು.

ಕರೆ ತನಗೆ ಬಂದಿದೆ ಎಂದು ತರುಣನೊಬ್ಬ ಹೇಳಿದ ಮಾತ್ರಕ್ಕೆ ಬಾಸೆಲ್ ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಅಭ್ಯರ್ಥಿಯು ತನ್ನ ಜೀವನವೃತ್ತಾಂತವನ್ನು ಕೈಯಾರೆ ಬರೆದು ಕಳುಹಿಸಬೇಕಿತ್ತು. ಹುಟ್ಟು, ಮನೆತನ, ಕಸುಬುಗಳ ವಿವರಗಳ ಜೊತೆಗೆ ಪಾಪಪ್ರಜ್ಞೆ ಯಾವಾಗ ಮೂಡಿತು, ಮನಸ್ಸು ಹೇಗೆ ತಿರುಗಿತು, ದೂರದೇಶದ ಸೇವೆಯ ಬಯಕೆ ಎಲ್ಲಿಂದ ಬಂತು ಎಂಬುದನ್ನು ಅದರಲ್ಲಿ ಬಿಡಿಸಿ ಹೇಳಬೇಕಿತ್ತು. ಸಮಿತಿ ಎಂದು ಕರೆಯಲಾಗುತ್ತಿದ್ದ ಆಡಳಿತ ಮಂಡಳಿಯು ಆ ಬರಹವನ್ನೂ ಊರಿನ ಪಾದ್ರಿಯ ಅಭಿಪ್ರಾಯವನ್ನೂ ತೂಗಿನೋಡಿ ತೀರ್ಮಾನ ಕೊಡುತ್ತಿತ್ತು. ಸೇರಿದ ಮೇಲೆ ವರ್ಷಗಟ್ಟಲೆ ಅಧ್ಯಯನ. ಕಳುಹಿಸುವ ದೇಶವನ್ನು ಆರಿಸುವುದೂ ಸಮಿತಿಯದೇ ಅಧಿಕಾರ. ಹೊರಟವನು ಮೊದಲ ಕೆಲವು ವರ್ಷ ಅವಿವಾಹಿತನಾಗಿರಬೇಕಿತ್ತು, ಆಮೇಲೆ ಮದುವೆಗೆ ಅನುಮತಿ ಬೇಡಬೇಕಿತ್ತು, ವಧು ಯೋಗ್ಯಳೇ ಎಂಬುದನ್ನೂ ಸಮಿತಿಯೇ ನಿರ್ಧರಿಸುತ್ತಿತ್ತು. ಸಮರ್ಪಣೆ ಎಂಬುದು ಇಲ್ಲಿ ಭಾವಾವೇಶದ ಮಾತಾಗಿರದೆ, ತನ್ನ ಇಚ್ಛೆಯನ್ನು ದಿನದಿನವೂ ಬೇರೆಯವರ ಕೈಗೆ ಒಪ್ಪಿಸುವ ಕಠಿಣ ಅಭ್ಯಾಸವಾಗಿತ್ತು.

ಬ್ರಿಟಿಷೇತರ ಮಿಷನರಿಗಳಿಗೆ ಭಾರತದ ಬಾಗಿಲು ತೆರೆದದ್ದು 1833ರ ಸನ್ನದು ಕಾಯ್ದೆ. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಯೋಹಾನ್ ಲೇನರ್ ಮತ್ತು ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರನ್ನು ಸೇರಿದರು. ಸೂಯೆಜ್ ಕಾಲುವೆ ಇನ್ನೂ ಇರದಿದ್ದ ಆ ಕಾಲದಲ್ಲಿ ಆಫ್ರಿಕವನ್ನು ಸುತ್ತಿ ಬರುವ ಹಡಗನ್ನೇರಿದವರಿಗೆ ತಾಯ್ನಾಡಿಗೆ ಮರಳುವ ಖಾತ್ರಿಯಿರಲಿಲ್ಲ. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದಗಿನ ಬೆಟಗೇರಿಗಳಲ್ಲೂ ಠಾಣೆಗಳು, ಎಂದರೆ ಮಿಷನ್ನಿನ ಕೇಂದ್ರಗಳು, ಆರಂಭವಾದವು.

1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದವನು. ಸುವಾರ್ತೆಯನ್ನು ಸಾರಲು ಜನರ ಭಾಷೆ ಬೇಕು, ಜನರ ಭಾಷೆ ಬರಬೇಕಾದರೆ ಅವರ ಕಾವ್ಯವನ್ನು ಓದಬೇಕು ಎಂಬ ಹಾದಿಯನ್ನು ಅವನು ಕೊನೆಯವರೆಗೂ ನಡೆದನು. ಮಂಗಳೂರಿನ ಬಲ್ಮಠದಲ್ಲಿ 1841ರಲ್ಲಿ ಸ್ಥಾಪನೆಯಾದ ಮುದ್ರಣಾಲಯದಲ್ಲಿ ಆಗ ಇದ್ದದ್ದು ಕಲ್ಲಚ್ಚು. ಜಿಡ್ಡಿನ ಮಸಿಯಲ್ಲಿ ಮೂಡಿಸಿದ ಬರಹವನ್ನು ನಯಗೊಳಿಸಿದ ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ಒದ್ದೆಮಾಡಿ ಶಾಯಿ ಉರುಳಿಸಿದಾಗ ಶಾಯಿಯು ಅಕ್ಷರಗಳಿಗೆ ಮಾತ್ರ ಅಂಟುತ್ತಿತ್ತು. 1843ರ ಜುಲೈ 1ರಂದು ಹೊರಬಂದ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಸಿದ್ಧವಾದದ್ದು ಹೀಗೆ. ಮರುವರ್ಷ ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಅದು ಸ್ಥಳಾಂತರವಾಯಿತು. ಮುಂದೆ ಮೊಗ್ಲಿಂಗ್ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದಾಗ, ಮತಪ್ರಚಾರಕ್ಕೆಂದು ಬಂದವನು ಹರಿದಾಸರ ಪದಗಳನ್ನು ಕಾಪಿಡಲು ನಿಂತಂತಾಯಿತು. ಇದನ್ನು ಕೇವಲ ಪ್ರಚಾರತಂತ್ರವೆಂದು ತಳ್ಳಿಹಾಕುವುದು ಅನ್ಯಾಯ. ಆ ದುಡಿಮೆಯ ಪ್ರಮಾಣವೇ ಪ್ರೀತಿಗೆ ಸಾಕ್ಷಿ.

1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್‌ನ ಬದುಕಿನಲ್ಲಿ ಭರವಸೆಯ ಪರೀಕ್ಷೆ ಇನ್ನೂ ದೀರ್ಘವಾದದ್ದು. ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಪ್ರಕಟಿಸಿದ ಅವನು, 1864ರಲ್ಲಿ ಹೆಂಡತಿಯನ್ನು ಕಳೆದುಕೊಂಡನು, ಆದರೂ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಪೂರೈಸುವವರೆಗೆ ಕೆಲಸ ಬಿಡಲಿಲ್ಲ.

ಈ ಸಾಧನೆಗಳ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವರು ಮನೆಯವರು. ಮಿಷನರಿಗಳ ಮಕ್ಕಳು ಆರೇಳು ವರ್ಷದವರಾಗುತ್ತಲೇ ಅವರನ್ನು ಬಾಸೆಲ್‌ನ ಮಕ್ಕಳ ನಿಲಯಕ್ಕೆ ಕಳುಹಿಸಲಾಗುತ್ತಿತ್ತು. ಅನೇಕ ತಾಯಂದಿರು ಮಕ್ಕಳನ್ನು ಮತ್ತೆ ಕಂಡದ್ದು ಅವರು ಬೆಳೆದು ದೊಡ್ಡವರಾದ ಮೇಲೆ. ಕರೆ ಬಂದದ್ದು ತಂದೆಗೆ, ಅದಕ್ಕೆ ಓಗೊಡುವ ಕಷ್ಟ ಎಳೆಯ ಮಕ್ಕಳಿಗೂ ಬಂತು. ಮಿಷನ್ನಿನ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಅಧ್ಯಾಯ ಇನ್ನೊಂದಿಲ್ಲ.

ಸ್ಥಳೀಯರು ತೆತ್ತ ಬೆಲೆ ಬೇರೆ ಬಗೆಯದು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣನು ದೀಕ್ಷಾಸ್ನಾನ, ಅಂದರೆ ಕ್ರೈಸ್ತಸಭೆಗೆ ಸೇರುವ ಜಲಸಂಸ್ಕಾರ, ಪಡೆದಾಗ ಮಂಗಳೂರು ತಲ್ಲಣಿಸಿತು. ಅವನ ಪಾಲಿಗೆ ಅದು ಮನೆ, ಜಾತಿ, ಬಂಧುಬಳಗಗಳನ್ನೆಲ್ಲ ಒಮ್ಮೆಗೇ ಕಡಿದುಕೊಂಡ ದಿನ. ಮೊಗ್ಲಿಂಗ್‌ನ ಸಾಕುಮಗನಂತಾದ ಅವನು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿದನು. ಮತಾಂತರದಿಂದ ಕಸುಬು, ನೆಲೆ ಎರಡನ್ನೂ ಕಳೆದುಕೊಂಡ ಬಡವರಿಗಾಗಿ ಮಿಷನ್ ನೇಯ್ಗೆ ಶಾಲೆಗಳನ್ನು ತೆರೆದದ್ದು, 1865ರಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್‌ನ ಕೈಯಲ್ಲಿ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು ಈ ಅಗತ್ಯದಿಂದಲೇ. ದೇವರಲ್ಲಿ ಭರವಸೆಯಿಡಿ ಎಂದು ಬೋಧಿಸಿದವರು, ಆ ಭರವಸೆಯಿಂದ ಬಂದವನ ಒಲೆ ಉರಿಯಬೇಕೆಂಬ ಹೊಣೆಯನ್ನೂ ಹೊತ್ತರು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳು ಶತ್ರುರಾಷ್ಟ್ರದ ಪ್ರಜೆಗಳೆನಿಸಿ ಬಂಧನಕ್ಕೊಳಗಾದರು, ಕಾರ್ಖಾನೆಗಳು ಕೈತಪ್ಪಿದವು. ಆದರೂ ಆರಾಧನೆ ನಿಲ್ಲಲಿಲ್ಲ. ಕನ್ನಡ, ತುಳು ಮಾತನಾಡುವ ಸಭಾಪಾಲಕರೂ ಉಪದೇಶಕರೂ ಊರೂರಿನ ಸಭೆಗಳನ್ನು ನಡೆಸಿಕೊಂಡು ಬಂದರು, ಮತ್ತು 1947ರಲ್ಲಿ ದಕ್ಷಿಣ ಕನ್ನಡದ ಸಭೆಗಳು ಆಗತಾನೇ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು.