ಉಪ್ಪು ಮೆರುಗಿನ ಸ್ಟೋನ್‌ವೇರ್

ಕುಂಬಾರಿಕೆಯಲ್ಲಿ ಮೆರುಗನ್ನು ಸಾಮಾನ್ಯವಾಗಿ ಸುಡುವ ಮೊದಲೇ ಬಳಿಯುತ್ತಾರೆ. ಆದರೆ ಉಪ್ಪು ಮೆರುಗು ಹುಟ್ಟುವುದು ಬೆಂಕಿಯ ನಡುವೆ. ಗೂಡಿನ ಶಾಖ 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಳಗೆ ಉಪ್ಪು ಎರಚುತ್ತಾರೆ. ಅದು ಆವಿಯಾಗಿ, ಅದರಲ್ಲಿನ ಸೋಡಿಯಂ ಜೇಡಿಯಲ್ಲಿನ ಸಿಲಿಕಾದೊಡನೆ ಕೂಡಿ, ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾದ ಗಾಜಿನ ಪದರ ಕಟ್ಟುತ್ತದೆ. ಆವಿ ಬೆಂಕಿಯ ಜಾಡಿನಲ್ಲೇ ಹರಿಯುವುದರಿಂದ ಒಂದೇ ಹೂಜಿಯ ಎರಡು ಮಗ್ಗುಲು ಬೇರೆ ಬೇರೆಯಾಗಬಹುದು. ಗೂಡಿನ ಇಟ್ಟಿಗೆಗಳಿಗೂ ಮೆರುಗು ಹತ್ತುತ್ತದೆ.

ಮಧ್ಯಯುಗದ ಕೊನೆಯಲ್ಲಿ ಜರ್ಮನಿಯ ರೈನ್ ಪ್ರದೇಶದಲ್ಲಿ ಈ ವಿದ್ಯೆ ಬೆಳೆಯಿತು. ಕಲೋನ್, ಫ್ರೆಶೆನ್‌ಗಳ ಗಡ್ಡದ ಮುಖದ ಹೂಜಿಗಳು, ವೆಸ್ಟರ್‌ವಾಲ್ಡ್‌ನ ಬೂದು ಮೈಯ ಕೋಬಾಲ್ಟ್ ನೀಲಿ ಪಾತ್ರೆಗಳು ಯುರೋಪಿನಾಚೆಗೂ ಹೋದವು. ಇಂಗ್ಲೆಂಡಿನಲ್ಲಿ ಫುಲಂನ ಜಾನ್ ಡ್ವೈಟ್ 1672ರಲ್ಲಿ ಸ್ಟೋನ್‌ವೇರ್‌ಗೆ, ಅಂದರೆ ಹೆಚ್ಚು ಶಾಖದಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಸುಟ್ಟ ಜೇಡಿಯ ಪಾತ್ರೆಗೆ, ಪೇಟೆಂಟ್ ಪಡೆದ.

ಹತ್ತೊಂಬತ್ತನೆಯ ಶತಮಾನದಲ್ಲಿ ಉಪ್ಪು ಮೆರುಗು ಚರಂಡಿ ಕೊಳವೆಗಳಿಗೂ ಬಂತು. ಆಮ್ಲಕ್ಕೆ ಜಗ್ಗದ, ನೀರು ಹೀರದ ಮೈ ಅವಕ್ಕೆ ಹೇಳಿ ಮಾಡಿಸಿದ್ದು. ಭಾರತದ ಊರುಗಳಲ್ಲಿ ಹೂತ ಹಳೆಯ ಕಂದು ಕೊಳವೆಗಳೂ ಇದೇ ವಂಶದವು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಇಂಥ ಕೊಳವೆಗಳಿಂದಲೇ ಬೆಳೆದ ಡೌಲ್ಟನ್ ಕಾರ್ಖಾನೆ ನೆರೆಯ ಕಲಾಶಾಲೆಯ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. ಹಸಿ ಜೇಡಿಯ ಮೇಲೆ ಕುದುರೆ, ಜಿಂಕೆಗಳನ್ನು ಗೀರಿ ಬಿಡಿಸಿದ ಹನ್ನಾ ಬಾರ್ಲೋ ಬಂದದ್ದು ಹೀಗೆ.

ಆದರೆ ಕಲಾವಿದರೇ ತಮ್ಮ ಪಾತ್ರೆಗಳನ್ನು ರೂಪಿಸಿ ಸುಡುವ ಸ್ಟುಡಿಯೋ ಕುಂಬಾರಿಕೆಯ ಕಥೆ ಮಾರ್ಟಿನ್ ಸಹೋದರರಿಂದಲೇ ಶುರುವಾಗಬೇಕು. 1873ರಲ್ಲಿ ಕೆಲಸ ಆರಂಭಿಸಿ, 1877ರಲ್ಲಿ ಲಂಡನ್ ಬಳಿಯ ಸೌತಾಲ್‌ನ ಕಾಲುವೆ ಬದಿಗೆ ಬಂದ ನಾಲ್ವರಲ್ಲಿ ವಾಲೇಸ್ ಶಿಲ್ಪಿ, ವಾಲ್ಟರ್ ಚಕ್ರ ಮತ್ತು ಗೂಡಿನ ಜವಾಬ್ದಾರ, ಎಡ್ವಿನ್ ಅಲಂಕಾರಗಾರ. ಅಂಗಡಿ ನೋಡಿಕೊಂಡ ಚಾರ್ಲ್ಸ್‌ಗೆ ಇಷ್ಟದ ಪಾತ್ರೆ ಮಾರಲು ಮನಸ್ಸೇ ಬರುತ್ತಿರಲಿಲ್ಲವಂತೆ! ವ್ಯಾಪಾರ ಕುಂಟಿದ್ದರಲ್ಲಿ ಆಶ್ಚರ್ಯವಿಲ್ಲ. ವಾಲೇಸ್‌ನ ಹಕ್ಕಿಜಾಡಿಗಳು ಈಗಲೂ ಕಣ್ಣು ಸೆಳೆಯುತ್ತವೆ: ತಲೆಯೇ ಮುಚ್ಚಳ, ಮುಖದಲ್ಲಿ ವ್ಯಂಗ್ಯದ ನೋಟ. ಕಂದು, ನೀಲಿ, ಹಸಿರುಗಳ ಮೇಲಿನ ಒರಟು ಹೊಳಪು ಆ ಕುಹಕಕ್ಕೆ ಒಪ್ಪುತ್ತದೆ. ನುಣುಪು ಪಿಂಗಾಣಿಯಲ್ಲಿ ಅವು ಬರೀ ಆಟಿಕೆಗಳಾಗುತ್ತಿದ್ದವು.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಕಾರ್ಖಾನೆಗಳು ಉಪ್ಪು ಮೆರುಗನ್ನು ಕೈಬಿಡುತ್ತಿದ್ದ ಹೊತ್ತಿಗೆ ಕಲಾವಿದರು ಅದನ್ನು ಎತ್ತಿಕೊಂಡರು. 1956ರಲ್ಲಿ ಡೌಲ್ಟನ್‌ನ ಲ್ಯಾಂಬೆತ್ ಕಾರ್ಖಾನೆ ಮುಚ್ಚಿತು. ಅದೇ ದಶಕದಲ್ಲಿ ಇಂಗ್ಲೆಂಡಿನ ಆಕ್ಸ್‌ಶಾಟ್‌ನ ಡೆನೀಸ್ ರೆನ್ ಕೋಕ್ ಉರಿಸುವ ಗೂಡಿಗೆ ಉಪ್ಪು ಹಾಕಿ ಪ್ರಯೋಗ ಮಾಡುತ್ತಿದ್ದರು. ಅಮೆರಿಕದಲ್ಲಿ ಆಲ್‌ಫ್ರೆಡ್ ವಿಶ್ವವಿದ್ಯಾಲಯದಲ್ಲಿ ಕಲಿತು 1962ರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಡಾನ್ ರೈಟ್ಸ್‌ಗೆ ‘ಮಿಸ್ಟರ್ ಸಾಲ್ಟ್’ ಎಂಬ ಅಡ್ಡಹೆಸರೇ ಬಿತ್ತು. ಬ್ರಿಟನ್ನಿನ ವಾಲ್ಟರ್ ಕೀಲರ್ ತಗಡಿನ ಡಬ್ಬಿ, ಎಣ್ಣೆಕ್ಯಾನುಗಳ ಚೂಪು ಅಂಚನ್ನು ಟೀಪಾಟ್‌ಗೆ ತಂದರು. ಅಂಚಿನಲ್ಲಿ ಉಪ್ಪು ಮೆರುಗಿನ ಬಣ್ಣ ಬದಲಾಗಿ ಆಕಾರ ಎದ್ದು ಕಾಣುತ್ತದೆ.

ಉಪ್ಪು ಒಡೆದಾಗ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಹೊರಬರುತ್ತದೆ. ಹಾಗಾಗಿ 1970ರ ದಶಕದಿಂದ ಹಲವರು ಸೋಡಿಯಂ ಕಾರ್ಬೊನೇಟ್ ಅಥವಾ ಬೈಕಾರ್ಬೊನೇಟನ್ನು ನೀರಿನಲ್ಲಿ ಕರಗಿಸಿ ಗೂಡಿಗೆ ಸಿಂಪಡಿಸತೊಡಗಿದರು. ಈ ಸೋಡಾ ಮೆರುಗು ಉಪ್ಪಿನಷ್ಟು ಸಮನಾಗಿ ಹರಡದು. ಕೆಲವು ಕುಂಬಾರರು ಅದನ್ನು ಬಯಸುವುದೂ ಅದಕ್ಕಾಗಿಯೇ.