ಪೀಪಾಯಿಯ ಸಾಕ್ಷ್ಯ

ವಸ್ತುವೊಂದರ ಯೋಗ್ಯತೆಯನ್ನು ಅದರ ಹೆಸರಿನಿಂದಲೂ ವಯಸ್ಸಿನಿಂದಲೂ ಅಳೆಯುವ ಅಭ್ಯಾಸ ನಮ್ಮಲ್ಲಿ ಹಳೆಯದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಹಳೇಬೀಡಿನ ಹೊಯ್ಸಳೇಶ್ವರ ಅದಕ್ಕಿಂತ ತುಸು ಈಚಿನದು. ಇವೆರಡೂ ಸೋಮನಾಥಪುರದೊಡನೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಅರಸೀಕೆರೆಯ ಈಶ್ವರ ದೇವಾಲಯ 1220ರ ಸುಮಾರಿನದು. ಅದು ಆ ಪಟ್ಟಿಯಲ್ಲಿಲ್ಲ. ಆದರೆ ಹದಿನಾರು ಮೊನೆಗಳ ನಕ್ಷತ್ರಾಕಾರದ ಅದರ ಗರ್ಭಗುಡಿಯನ್ನೂ ಎದುರಿನ ದುಂಡು ಮಂಟಪವನ್ನೂ ಕಣ್ಣಾರೆ ಕಂಡವರು ಅದನ್ನು ಕಡಿಮೆಯೆನ್ನಲಾರರು. ಇದೇ ಪಾಠವನ್ನು ಹೇಳುವ ಇನ್ನೊಂದು ಇತಿಹಾಸವನ್ನು ಇಲ್ಲಿ ಬರೆಯಬೇಕೆನಿಸಿದೆ. ಅದು ಓಕ್ ಮರದ ಪೀಪಾಯಿಯ ಇತಿಹಾಸ.

ಮೇಷ್ಟರು ಮದ್ಯದ ವಿಷಯ ಬರೆಯುವುದೇ ಎಂದು ಓದುಗ ಮಿತ್ರರು ಹುಬ್ಬೇರಿಸಬಾರದು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ಕ್ರೀಡೆಗಳನ್ನು ಎಣಿಸುವಾಗ ಮದಿರಾಪಾನವನ್ನೂ ಸೇರಿಸಿದ್ದಾನೆ. ಇತಿಹಾಸಕ್ಕೆ ಮಡಿಮೈಲಿಗೆಯಿಲ್ಲ.

ಅಮೆರಿಕದ ಬರ್ಬನ್ ವಿಸ್ಕಿಗೆ ಕಟ್ಟುನಿಟ್ಟಾದ ಕಾನೂನಿದೆ. ಅದರ ಧಾನ್ಯದಲ್ಲಿ ಕನಿಷ್ಠ ಶೇಕಡ 51 ಭಾಗ ಮೆಕ್ಕೆಜೋಳವಿರಬೇಕು. ಒಳಮೈಯನ್ನು ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಪೀಪಾಯಿಯಲ್ಲಿಯೇ ಅದನ್ನು ಇಡಬೇಕು. ಅಲ್ಲಿಯ ಪಾನನಿಷೇಧ 1933ರಲ್ಲಿ ಮುಗಿದ ಮೇಲೆ, ಅದೇ ದಶಕದಲ್ಲಿ, ಪೀಪಾಯಿಯ ಈ ನಿಯಮ ಗಟ್ಟಿಯಾಯಿತು. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಒದಗದು. ಹೀಗೆ ಕೆಲಸ ಮುಗಿಸಿದ ಪೀಪಾಯಿಗಳು ಹಡಗೇರಿ ಸ್ಕಾಟ್ಲೆಂಡಿಗೆ ಹೋದವು. ಕಾಲಾನಂತರ ಬೆಂಗಳೂರಿಗೂ ಬಂದವು.

ಮರ ಪಾನೀಯಕ್ಕೆ ಏನನ್ನು ಕೊಡುತ್ತದೆ? ಸುಟ್ಟ ಓಕ್ ಮರ ವೆನಿಲಾ ಪರಿಮಳವನ್ನು ಬಿಡುತ್ತದೆ. ಅಮೆರಿಕದ ಓಕ್ ಮರದಲ್ಲಿ ಹೆಚ್ಚಾಗಿರುವ ಲ್ಯಾಕ್ಟೋನ್ ಎಂಬ ಸಂಯುಕ್ತಗಳು ಕೊಬ್ಬರಿಯ ವಾಸನೆಯನ್ನು ಕೊಡುತ್ತವೆ. ಬರ್ಬನ್ ಪರೀಕ್ಷಕರು ತಮ್ಮ ಟಿಪ್ಪಣಿಗಳಲ್ಲಿ ‘ತೆಂಗಿನ ಪರಿಮಳ’ ಎಂದು ಬರೆಯುವುದು ಈ ಕಾರಣದಿಂದ. ತೆಂಗಿನ ನಾಡಾದ ಅರಸೀಕೆರೆಯವರಿಗೆ ಇದು ಸೋಜಿಗವೆನಿಸದಿರದು.

ಒಂದು ಪೀಪಾಯಿಯಲ್ಲಿ ಬೆಳೆದ ವಿಸ್ಕಿಯನ್ನು ಕೊನೆಯ ಕೆಲವು ತಿಂಗಳು ಇನ್ನೊಂದು ಬಗೆಯ ಪೀಪಾಯಿಯಲ್ಲಿ ಇಡುವುದೂ ಉಂಟು. ಸ್ಪೇನಿನ ಶೆರ್ರಿ ಪೀಪಾಯಿಯಿಂದ ಒಣದ್ರಾಕ್ಷಿಯ ಛಾಯೆಯೂ ಪೋರ್ಚುಗಲ್ಲಿನ ಪೋರ್ಟ್ ವೈನ್ ಪೀಪಾಯಿಯಿಂದ ಕೆಂಪು ಹಣ್ಣುಗಳ ಛಾಯೆಯೂ ಅದಕ್ಕೆ ಬರುತ್ತವೆ. ಕೆಂಟಕಿಯ ‘ಏಂಜೆಲ್ಸ್ ಎನ್ವಿ’ ಪೋರ್ಟ್ ಪೀಪಾಯಿಯಲ್ಲಿ ಹೀಗೆ ಹದಗೊಂಡ ಬರ್ಬನ್. ನಮ್ಮ ರಾಜ್ಯದಲ್ಲಿ ಈ ವಿದ್ಯೆಯನ್ನು ಸಾಧಿಸಿದ್ದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದ ಸಂಸ್ಥೆಯಿದು. ಬಾರ್ಲಿಯಿಂದ ಮಾಡಿದ ಅವರ ‘ಇಂಟರ್‌ಮೀಡಿಯೆಟ್ ಶೆರ್ರಿ’ ಮೊದಲು ಬರ್ಬನ್ ಪೀಪಾಯಿ ಹಾಗೂ ಹೊಸ ಓಕ್ ಪೀಪಾಯಿಗಳಲ್ಲಿ, ನಡುವೆ ಶೆರ್ರಿ ಪೀಪಾಯಿಯಲ್ಲಿ, ಕೊನೆಗೆ ಮತ್ತೆ ಬರ್ಬನ್ ಪೀಪಾಯಿಯಲ್ಲಿ ಇದ್ದು ಹೊರಬರುತ್ತದೆ. ‘ಪೋರ್ಟೊನೋವಾ’ದಲ್ಲಿ ಶೆರ್ರಿಯ ಸ್ಥಾನವನ್ನು ಪೋರ್ಟ್ ಪಡೆಯುತ್ತದೆ.

ಇಲ್ಲಿ ವಯಸ್ಸಿನ ಪ್ರಶ್ನೆ ಏಳುತ್ತದೆ. ಪೀಪಾಯಿಯೊಳಗಿನ ವಿಸ್ಕಿ ವರ್ಷವರ್ಷವೂ ಆವಿಯಾಗಿ ಕುಗ್ಗುತ್ತದೆ. ಅದನ್ನು ದೇವದೂತರ ಪಾಲು ಎನ್ನುತ್ತಾರೆ. ತಂಪಾದ ಸ್ಕಾಟ್ಲೆಂಡಿನಲ್ಲಿ ಆ ಪಾಲು ವರ್ಷಕ್ಕೆ ಸುಮಾರು ಶೇಕಡ 2. ಬೆಂಗಳೂರಿನಲ್ಲಿ ಶೇಕಡ 10ಕ್ಕೂ ಮಿಕ್ಕುತ್ತದೆ. ಲೆಕ್ಕ ಮಾಡಿ ನೋಡಿ: 100 ಲೀಟರು ಎಂಟು ವರ್ಷಗಳಲ್ಲಿ ಅಲ್ಲಿ ಸುಮಾರು 85 ಲೀಟರಾಗುತ್ತದೆ, ಇಲ್ಲಿ ವರ್ಷಕ್ಕೆ ಹತ್ತರಂತೆ ಹಿಡಿದರೂ 43ಕ್ಕೆ ಇಳಿಯುತ್ತದೆ. ಆದರೆ ಅದೇ ಬಿಸಿಲು ಮರದ ಸತ್ವವನ್ನು ಬೇಗ ಹೊರಗೆಳೆಯುತ್ತದೆ. ನಮ್ಮ ಕಡೆಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿಯ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆತ ತಿಂಗಳುಗಳನ್ನು ಎಣಿಸಿ ಸುಮ್ಮನಾಗುವುದಿಲ್ಲ. ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ.

ಹೆಸರಿನ ಪ್ರಶ್ನೆಯೂ ಹೀಗೆಯೇ. ಭಾರತದ ವಿಸ್ಕಿಯೆಂದರೆ ಬಹುಪಾಲು ಕಾಕಂಬಿಯಿಂದ ಇಳಿಸಿದ ಮದ್ಯ ಎಂಬ ಮಾತಿತ್ತು. ಆ ಮಾತು ಸುಳ್ಳೂ ಆಗಿರಲಿಲ್ಲ. ಆದ್ದರಿಂದ ಜಗದಾಳೆ ಕುಟುಂಬದ ರಕ್ಷಿತ್ ಅವರು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ತಮ್ಮ ವಿಸ್ಕಿಯನ್ನು ಗ್ಲಾಸ್ಗೊ ನಗರದ ಪಾನಗೃಹವೊಂದರಲ್ಲಿ ಹೆಸರು ಹೇಳದೆ ಪರೀಕ್ಷೆಗೆ ಇಟ್ಟರು. ಕುಡಿದು ನೋಡಿದವರು ಅದನ್ನು ಸ್ಕಾಟ್ಲೆಂಡಿನದೇ, ಹಲವು ವರ್ಷ ಮಾಗಿದ್ದೇ ಎಂದು ಭಾವಿಸಿದರು. ಅದೇ ನಗರದಲ್ಲಿ 2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ವಿಮರ್ಶಕ ಜಿಮ್ ಮರ್ರೆ ಪರಿಮಳ, ರುಚಿ, ಕೊನೆಯುಳಿವು, ಸಮತೋಲ ಎಂಬ ನಾಲ್ಕು ವಿಷಯಗಳಿಗೆ ತಲಾ 25ರಂತೆ ಅಂಕ ಕೊಡುವವರು. ತಮ್ಮ 2010ರ ಆವೃತ್ತಿಯಲ್ಲಿ ಅಮೃತ್ ಫ್ಯೂಷನ್ನಿಗೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಇರಿಸಿದರು. ಆ ಸೀಸೆಯ ಮೇಲೆ ವಯಸ್ಸಿನ ಅಂಕಿಯೇ ಇರಲಿಲ್ಲ.

ಒಂದು ಮಾತನ್ನು ಹೇಳದೆ ಈ ಬರಹ ಮುಗಿಯಬಾರದು. ಇದೇ ಕರ್ನಾಟಕದಲ್ಲಿ ಕುಡಿತ ಎಷ್ಟೋ ಮನೆಗಳ ದೀಪ ಆರಿಸಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂದುದರ ಹಿಂದೆ ಹೆಣ್ಣುಮಕ್ಕಳ ಕಣ್ಣೀರಿದೆ. ಆ ನಿಷೇಧ ಬಡವನ ಪೊಟ್ಟಣವನ್ನು ಕಿತ್ತುಕೊಂಡಿತು, ಉಳ್ಳವರ ಸೀಸೆಯನ್ನು ಮುಟ್ಟಲಿಲ್ಲ ಎಂಬ ಆಕ್ಷೇಪವನ್ನೂ ನಾನು ತಳ್ಳಿಹಾಕಲಾರೆ. ಆದರೆ ಪರೀಕ್ಷಕನ ದಾರಿ ಕುಡುಕನ ದಾರಿಯಲ್ಲ. ಅವನು ಮೂಸಿ, ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ, ಅನೇಕ ವೇಳೆ ಉಗುಳಿಬಿಡುತ್ತಾನೆ. ಅವನಿಗೆ ಬೇಕಾದುದು ಅಮಲಲ್ಲ, ಸಾಕ್ಷ್ಯ.

ನಾಲ್ಕು ಗೋಡೆಯ ನಡುವೆ ಇತಿಹಾಸ ಬೋಧಿಸಿದ ನನಗೆ ಇದರಲ್ಲಿ ಹಿಡಿಸಿದ್ದು ಇಷ್ಟೇ. ಹೆಸರನ್ನು ಮರೆಮಾಡಿ, ವಯಸ್ಸನ್ನು ಬದಿಗಿಟ್ಟು, ವಸ್ತುವಿನ ಮಾತನ್ನೇ ಕೇಳಬೇಕು. ಬೇಲೂರು ಹಳೇಬೀಡು ನೋಡಲು ಬರುವವರು ಅರಸೀಕೆರೆಯ ನಿಲ್ದಾಣದಲ್ಲಿ ಇಳಿದು ನೇರವಾಗಿ ಹೊರಟುಬಿಡುತ್ತಾರೆ. ಒಂದು ಗಂಟೆ ಬಿಡುವು ಮಾಡಿಕೊಂಡು ನಮ್ಮ ಈಶ್ವರ ದೇವಾಲಯವನ್ನೂ, ಪಟ್ಟಿಯನ್ನು ಮರೆತು, ಒಮ್ಮೆ ನೋಡಲಿ.