ಬಾಗಿಲ ಮರೆಯ ಹಾಡು

ನಮ್ಮ ಅಕ್ಕನ ಮದುವೆ ಕೂಡ್ಲಿಗಿಯ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. 1981ರ ವೈಶಾಖ ಮಾಸ. ನನಗಾಗ ಹನ್ನೊಂದು ವರ್ಷ. ಮದುಮಕ್ಕಳನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಿ ಮುತ್ತೈದೆಯರು ಆರತಿಗೆ ನಿಂತರು. ಮೊದಲೆರಡು ನುಡಿ ಸಲೀಸಾಗಿ ಸಾಗಿದವು. ಮೂರನೆಯದಕ್ಕೆ ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆರತಿಯ ದೀಪ ಉರಿಯುತ್ತಿದೆ, ಹಾಡು ನಿಂತಿದೆ! ಆಗ ಅಡಿಗೆಮನೆಯ ಬಾಗಿಲ ಮರೆಯಿಂದ ಒಂದು ಸಣ್ಣ ಧ್ವನಿ ಮುಂದಿನ ನುಡಿಯನ್ನು ಎತ್ತಿಕೊಟ್ಟಿತು. ಹೆಂಗಸರು ಅದನ್ನು ಹಿಡಿದು ಹಾಡು ಮುಗಿಸಿದರು.

ಆ ಧ್ವನಿ ನಮ್ಮ ಸೋದರತ್ತೆಯದು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಂದು ಬೆಳಿಗ್ಗೆ ಹಡಗಲಿಯಿಂದ ತರಿಸಿದ್ದ ಬುಟ್ಟಿ ಮಲ್ಲಿಗೆಯನ್ನೆಲ್ಲ ಕಟ್ಟಿದವರೂ ಅವರೇ. ಎಲ್ಲರ ಹೆರಳಿಗೂ ಹೂವಾಯಿತು. ಅವರ ಬೆರಳಿಗೆ ಮಾತ್ರ ವಾಸನೆ ಉಳಿಯಿತು.

ರಾತ್ರಿ ಅವರ ಪಕ್ಕದಲ್ಲಿ ಮಲಗಿ ಕೇಳಿದೆ: "ಅತ್ತೆ, ಹಾಡು ನಿಮಗೇ ಚಲೋ ಬರ್ತದ. ಹೊರಗ ಬಂದು ಯಾಕ ಹಾಡಲಿಲ್ಲ?"

"ಹಾಡು ಹೊರಗ ಬಂತಲ್ಲ, ಸಾಕು" ಎಂದರು. ಮಗ್ಗುಲಾಗಿ ಮಲಗಿದರು.

ಅವರ ಟ್ರಂಕಿನಲ್ಲಿ ಒಂದು ಹಾಡಿನ ಪುಸ್ತಕವಿತ್ತು. ಅಚ್ಚಿನದಲ್ಲ, ಕೈಬರಹದ್ದು. ಅದರಲ್ಲಿ ಬಹಳಷ್ಟು ಹಾಡುಗಳ ಕೊನೆಗೆ 'ಭೀಮೇಶಕೃಷ್ಣ' ಎಂಬ ಮಾತು ಬರುತ್ತಿತ್ತು. ದಾಸರ ಹಾಡುಗಳ ಕೊನೆಯಲ್ಲಿ ಹೀಗೊಂದು ಅಂಕಿತ ಇರುವುದು ನಿಮಗೆ ಗೊತ್ತೇ ಇದೆ. ಪುರಂದರದಾಸರದು 'ಪುರಂದರವಿಠಲ', ಕನಕದಾಸರದು 'ಕಾಗಿನೆಲೆಯಾದಿಕೇಶವ'. ಹಾಗೆಯೇ ಭೀಮೇಶಕೃಷ್ಣನೂ ಯಾರೋ ಗಡ್ಡದ, ತಂಬೂರಿ ಹಿಡಿದ ದಾಸರ ಅಂಕಿತ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಬಿ.ಎ. ಓದುವಾಗ ದಾಸಸಾಹಿತ್ಯದ ಪಾಠದಲ್ಲಿ ನಿಜ ಗೊತ್ತಾಯಿತು. ಆ ದಾಸರು ಒಬ್ಬ ಹೆಂಗಸು! ಅದೂ ದೂರದವರಲ್ಲ, ನಮ್ಮ ನೆರೆಯ ಹರಪನಹಳ್ಳಿಯವರು. ಭೀಮವ್ವ.

ಭೀಮವ್ವ ಹುಟ್ಟಿದ್ದು 1823ರಲ್ಲಿ, ಹೊಸಪೇಟೆ ತಾಲ್ಲೂಕಿನ ನಾರಾಯಣಕೆರೆಯಲ್ಲಿ. ನಮ್ಮ ಬಳ್ಳಾರಿ ಸೀಮೆ ಕಂಪನಿ ಸರಕಾರದ ಕೈಗೆ ಹೋಗಿ ಆಗ ಇಪ್ಪತ್ತಮೂರು ವರ್ಷವಾಗಿತ್ತು. ಆಡಳಿತವೆಲ್ಲ ಮದರಾಸಿನದು. ಹೆಣ್ಣುಮಕ್ಕಳಿಗೆ ಶಾಲೆ ಎಂಬುದು ಊರೂರಿಗೆ ಬರಲು ಇನ್ನೂ ಬಹಳ ಕಾಲವಿತ್ತು. ಎಳೆವಯಸ್ಸಿನಲ್ಲೇ, ತನಗಿಂತ ಬಹಳ ಹಿರಿಯರಾದ ಹರಪನಹಳ್ಳಿಯ ಮುನಿಯಪ್ಪನವರೊಡನೆ ಆಕೆಯ ಮದುವೆಯಾಯಿತು. ಮೂವತ್ತೈದರ ಹೊತ್ತಿಗೆ ಗಂಡ ತೀರಿಕೊಂಡರು. ಕನಸಿನಲ್ಲಿ ನಾರದರು ಬಂದು ಆಕೆಯ ನಾಲಿಗೆಯ ಮೇಲೆ ಬರೆದರು, ಅಲ್ಲಿಂದ ಹಾಡು ಹರಿಯಿತು ಎಂಬುದು ಭಕ್ತರ ನಂಬಿಕೆ. ಆಕೆ ಎಂಬತ್ತು ವರ್ಷ ಬಾಳಿ 1903ರಲ್ಲಿ ತೀರಿಕೊಂಡರು. ಎಂದರೆ ಒಂಟಿಯಾದ ಮೇಲೆ ಬದುಕಿದ್ದು ನಲವತ್ತೈದು ವರ್ಷ!

ಹೆಂಗಸರು ಹಾಡು ಕಟ್ಟಿದ್ದು ಅದೇ ಮೊದಲಲ್ಲ. ಗಲಗಲಿಯ ಅವ್ವ, ಹೆಳವನಕಟ್ಟೆಯ ಗಿರಿಯಮ್ಮ ಆಕೆಗಿಂತ ಮುಂಚಿನವರು. ಇವರ ಹಾಡುಗಳನ್ನು ಊರಿಂದೂರಿಗೆ ಒಯ್ದವರು ಯಾರು? ಸೊಸೆಯಾಗಿ ಹೋದ ಹೆಣ್ಣುಮಕ್ಕಳು. ಟ್ರಂಕಿನಲ್ಲಿ ಸೀರೆಯ ಮಡಿಕೆಯ ನಡುವೆ ಹಾಡಿನ ಪುಸ್ತಕವೂ ಹೋಗುತ್ತಿತ್ತು. ಅತ್ತೆ ಸೊಸೆಗೆ ಹೇಳಿಕೊಟ್ಟಳು, ಸೊಸೆ ಮಗಳಿಗೆ. ಪಂಡಿತರು ಎಣಿಸಿ ಅಚ್ಚು ಹಾಕಿಸುವ ಮೊದಲೇ ಅಡಿಗೆಮನೆಗಳು ಅವನ್ನು ಕಾಪಾಡಿದ್ದವು.

ಭೀಮವ್ವ ಆರಿಸಿಕೊಂಡ ಕಥೆಗಳನ್ನೇ ನೋಡಿ. ನಳಚರಿತ್ರೆ, ಸುಧಾಮಚರಿತ್ರೆ, ಸುಭದ್ರಾಕಲ್ಯಾಣ. ನಳನ ಕಥೆಯೆಂದರೆ ದಮಯಂತಿಯ ಕಥೆ. ಗಂಡ ಜೂಜಿನಲ್ಲಿ ರಾಜ್ಯ ಸೋತ, ಅಡವಿಯಲ್ಲಿ ಮಲಗಿದ್ದ ಹೆಂಡತಿಯನ್ನು ಬಿಟ್ಟು ಎದ್ದು ಹೋದ. ಎಚ್ಚರಾದಾಗ ಅವಳ ಪಕ್ಕದಲ್ಲಿ ಯಾರೂ ಇಲ್ಲ. ಸುಧಾಮನ ಕಥೆಯಲ್ಲಿ ಹಿಡಿ ಅವಲಕ್ಕಿ ಕಟ್ಟಿಕೊಟ್ಟು ಗಂಡನನ್ನು ಕೃಷ್ಣನ ಹತ್ತಿರ ಕಳಿಸಿದವಳು ಮನೆಯ ಹೆಂಗಸು. ಮಕ್ಕಳ ಹಸಿವು ಮೊದಲು ಕಂಡದ್ದು ಅವಳಿಗೆ. 1876ರಿಂದ 78ರವರೆಗೆ ಬಂದ ದೊಡ್ಡ ಬರದಲ್ಲಿ ಮದರಾಸು ಪ್ರಾಂತದಲ್ಲೇ ಬಹಳ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಭೀಮವ್ವನಿಗಾಗ ಐವತ್ತು ದಾಟಿತ್ತು. ಖಾಲಿ ಮಡಕೆಯ ಮುಂದೆ ಕುಳಿತ ಹೆಂಗಸಿಗೆ ಅವಲಕ್ಕಿಯ ಕಥೆ ಬರಿಯ ಪುರಾಣವಾಗಿ ಕೇಳಿಸಿರಲಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಮತ್ತೊಂದು ಸಂಗತಿ. ವಿಧವೆಯರ ಮರುಮದುವೆಗೆ ಅವಕಾಶ ಕೊಡುವ ಕಾಯಿದೆ ಬಂದದ್ದು 1856ರಲ್ಲಿ. ಭೀಮವ್ವ ವಿಧವೆಯಾದದ್ದು ಅದಾಗಿ ಎರಡು ವರ್ಷಕ್ಕೆ. ಕಾಯಿದೆ ಕಲ್ಕತ್ತೆಯಲ್ಲಾಯಿತು, ನಮ್ಮ ಮನೆಗಳ ಹೊಸಿಲು ದಾಟಲಿಲ್ಲ. ಆ ಕಾಲದ ಬ್ರಾಹ್ಮಣರ ಮನೆಯಲ್ಲಿ ವಿಧವೆಗೆ ಹೂವಿಲ್ಲ, ಕುಂಕುಮವಿಲ್ಲ, ಶುಭಕಾರ್ಯದಲ್ಲಿ ಎದುರು ಬರುವಂತಿಲ್ಲ. ಇಂಥ ಕಟ್ಟಿನೊಳಗಿದ್ದ ಹೆಣ್ಣುಮಗಳು ಕಟ್ಟಿದ್ದೇನು? ಮುತ್ತೈದೆಯರು ಹಾಡುವ ಆರತಿಯ ಹಾಡು, ಮದುವೆಯ ಹಾಡು, ಮುಯ್ಯದ ಹಾಡು! ಮುಯ್ಯ ಎಂದರೆ ಬೀಗರು ಒಬ್ಬರ ಮನೆಗೊಬ್ಬರು ಉಡುಗೊರೆ ಹೊತ್ತು ಹೋಗುವ ಸಡಗರ. ದ್ರೌಪದಿ, ಸುಭದ್ರೆ, ರುಕ್ಮಿಣಿ, ಭಾಮೆ ಒಬ್ಬರನ್ನೊಬ್ಬರು ಚುಚ್ಚಿ ನಗುವ ಸಂಭ್ರಮ ಅದರಲ್ಲಿ ತುಂಬಿರುತ್ತದೆ. ತನ್ನನ್ನು ದೂರವಿಟ್ಟ ಆರತಿಯ ತಟ್ಟೆಗೇ ಆಕೆ ಮಾತು ಕೊಟ್ಟಳು. ಇಂದಿಗೂ ಆ ಹಾಡಿಲ್ಲದೆ ಎಷ್ಟೋ ಮನೆಗಳಲ್ಲಿ ದೀಪ ಎತ್ತುವುದಿಲ್ಲ.

ಆಕೆಯನ್ನು ದಂಗೆ ಎದ್ದವಳು ಎಂದು ಹೊಗಳುವುದು ನನ್ನ ಉದ್ದೇಶವಲ್ಲ. ಹಾಗೆ ಹೊಗಳಿದರೆ ಆಕೆಗೇ ಒಪ್ಪಿಗೆಯಾಗುತ್ತಿರಲಿಲ್ಲವೇನೋ. ಆಕೆ ದೇವರನ್ನು ನಂಬಿ ಹಾಡಿದಳು, ಅಷ್ಟೆ. ಆದರೆ ನಮ್ಮ ಸೋದರತ್ತೆಗೆ ಆ ಹಾಡುಗಳಿಂದ ಸಿಕ್ಕಿದ್ದು ಬರಿಯ ಭಕ್ತಿಯಲ್ಲ, ಜೊತೆ. ರೊಟ್ಟಿ ಬಡಿಯುವಾಗ, ಹೂವು ಕಟ್ಟುವಾಗ ಅವರು ಅವನ್ನು ಗುನುಗುತ್ತಿದ್ದರು. ತನ್ನ ಹಾಗೆಯೇ ಬಾಗಿಲ ಹಿಂದೆ ನಿಂತವಳೊಬ್ಬಳು ನೂರು ವರ್ಷದ ಹಿಂದೆ ಕಟ್ಟಿದ ಮಾತು ಎಂಬುದು ಅವರಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ.

ನನ್ನ ಗಂಡ ತೀರಿಕೊಂಡದ್ದು 2017ರಲ್ಲಿ. ಐದು ವರ್ಷದ ಮೇಲೆ ಮಗಳ ಮದುವೆ. ಕಾಲ ಬದಲಾಗಿದೆ. ನಾನು ಬಣ್ಣದ ಸೀರೆ ಉಡುತ್ತೇನೆ, ಹಣೆಗೆ ಇಡುತ್ತೇನೆ, ಶಾಲೆಗೆ ಹೋಗಿ ಇತಿಹಾಸ ಪಾಠ ಮಾಡುತ್ತೇನೆ. ಆದರೂ ಆರತಿಯ ಹೊತ್ತಿಗೆ ನನ್ನ ಕಾಲು ತಾನಾಗಿ ಅಡಿಗೆಮನೆಯ ಕಡೆಗೆ ಹೊರಟಿತು. ಯಾರೂ ಹೋಗೆಂದಿರಲಿಲ್ಲ. ಮೂರನೆಯ ನುಡಿಗೆ ಎಂದಿನಂತೆ ಹಾಡು ನಿಂತಿತು. ಈಗಿನ ಹುಡುಗಿಯರು ಮೊಬೈಲಿನಲ್ಲಿ ಹುಡುಕತೊಡಗಿದರು. ಮಗಳು ಮಣೆಯ ಮೇಲಿಂದಲೇ ಕೂಗಿದಳು: "ಅಮ್ಮಾ, ಅಲ್ಲೇನು ಮಾಡ್ತೀ? ಇಲ್ಲಿ ಬಾ, ಹಾಡು."

ಹೋದೆ. ಎಲ್ಲರ ನಡುವೆ ನಿಂತು ಹಾಡಿದೆ. ಕೊನೆಯಲ್ಲಿ 'ಭೀಮೇಶಕೃಷ್ಣ' ಎನ್ನುವಾಗ ಗಂಟಲು ಕಟ್ಟಿತು. ಆರತಿಯ ತಟ್ಟೆಯನ್ನು ಮಾತ್ರ ಯಾರೂ ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಇತಿಹಾಸ ಕಲಿಸುವವಳಿಗೆ ಅಷ್ಟು ಧೈರ್ಯ ಬರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

2021ರಲ್ಲಿ ನಮ್ಮ ಕೂಡ್ಲಿಗಿ, ಹರಪನಹಳ್ಳಿಗಳೆಲ್ಲ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಮಕ್ಕಳಿಗೆ ಜಿಲ್ಲೆಯ ಹಿರಿಯರ ಬಗ್ಗೆ ಹೇಳುವಾಗ ಅರಸರ ಹೆಸರು, ಪಾಳೆಯಗಾರರ ಹೆಸರು ಬರೆಸುತ್ತೇವೆ. ಈಗ ನಾನು ಹಲಗೆಯ ಮೇಲೆ ಭೀಮವ್ವನ ಹೆಸರನ್ನೂ ಬರೆಯುತ್ತೇನೆ. "ನಿಮ್ಮ ಅಜ್ಜಿಗೆ ಬರುವ ಒಂದು ಹಾಡು ಬರಕೊಂಡು ಬರ್ರಿ" ಎಂದು ಮನೆಗೆಲಸ ಕೊಡುತ್ತೇನೆ.

ಸೋದರತ್ತೆಯ ಪುಸ್ತಕ ಈಗ ನನ್ನ ಹತ್ತಿರ ಇದೆ. ಅಂಚು ಜೀರ್ಣವಾಗಿದೆ. ಮಗಳು ಬಾಣಂತನಕ್ಕೆ ಬಂದಾಗ ಆ ಮೂರನೆಯ ನುಡಿಯನ್ನು ಅವಳಿಗೆ ಬಾಯಿಪಾಠ ಮಾಡಿಸಿದೆ. ಮೊಮ್ಮಗಳ ತೊಟ್ಟಿಲ ದಿನ ಅವಳು ಅದನ್ನು ತಪ್ಪಿಲ್ಲದೆ ಹಾಡಿದಳು. ಹಾಡುತ್ತಲೇ ಆರತಿಯ ತಟ್ಟೆಯ ಒಂದು ಅಂಚನ್ನು ನನ್ನ ಕಡೆಗೆ ನೀಡಿದಳು. ಈ ಸಲ ನಾನು ಹಿಡಿದೆ.